ಆರು ಸ್ಪೀಕರುಗಳೂ ರುಕ್ಕತ್ತೆಯ ದನಿಯೂ

ನಿಮ್ಮ ಮನೆಯಲ್ಲಿ ಯಾರ ದನಿ ಬಾಗಿಲ ಹಿಂದಿನಿಂದ ಮಾತ್ರ ಕೇಳಿಸುತ್ತದೆ? ಉತ್ತರವನ್ನು ಈಗಲೇ ಹೇಳಬೇಕಾಗಿಲ್ಲ. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲು ಐವತ್ತು ವರ್ಷ ತೆಗೆದುಕೊಂಡವನು ನಾನು. ನಿಮಗೆ ಈ ಬರಹ ಮುಗಿಯುವವರೆಗಾದರೂ ಕಾಲಾವಕಾಶ ಕೊಡುವುದು ನ್ಯಾಯ.

ಪ್ರಶ್ನೆಯನ್ನು ಎಬ್ಬಿಸಿದ್ದು ನನ್ನ ಮೇಜಿನ ಮೇಲೆ ಕೂತಿರುವ ಒಂದು ಗುಂಡು ಸ್ಪೀಕರು. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಬೂದು ಬಟ್ಟೆಯ ಹೊದಿಕೆ, ಒಂದು ಬದಿಗೆ ಒಗ್ಗರಣೆಯ ಎಣ್ಣೆಯ ಕಲೆ. ನನ್ನ ಸೋದರತ್ತೆ ರುಕ್ಮಿಣಿ, ನಮಗೆಲ್ಲ ರುಕ್ಕತ್ತೆ, ಚೆನ್ನೈಯ ಪಲ್ಲಾವರಂನ ತಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಇದನ್ನಿಟ್ಟುಕೊಂಡು ಬೆಳಿಗ್ಗೆ ಪ್ರವಚನ ಕೇಳುತ್ತಿದ್ದರು. ಇದನ್ನು ನನಗೆ ಕೊಟ್ಟು ಈಗ ಅವರು ಹೊಸದೊಂದನ್ನು ತರಿಸಿಕೊಂಡಿದ್ದಾರೆ. ಇದಕ್ಕೆ ಬಾಯಿ ಒಂದೇ. ಎಡವಿಲ್ಲ, ಬಲವಿಲ್ಲ. ಕೊಟ್ಟದ್ದನ್ನೆಲ್ಲ ಒಂದೇ ಬಾಯಿಂದ ಹೇಳುತ್ತದೆ. ಇಷ್ಟು ಪ್ರಾಮಾಣಿಕವಾದ ಉಪಕರಣವನ್ನು ಕಂಡರೆ ನನ್ನಂಥವನಿಗೆ ಸ್ವಲ್ಪ ಭಯವೇ ಆಗುತ್ತದೆ.

ಭಯದ ವಿಷಯದಲ್ಲಿ ನಾನು ಅನುಭವಸ್ಥ. ಕಾಲೇಜಿನಲ್ಲಿ ಚರ್ಚಾಪಟುವೆಂದು ಹೆಸರಾಗಿದ್ದೆ. ಶುಭಕಾರ್ಯಗಳಲ್ಲಿ ವಿಧವೆಯರಿಗೆ ಸಮಾನ ಸ್ಥಾನವಿರಬೇಕೆಂಬ ವಿಷಯದ ಪರವಾಗಿ ಏಳು ನಿಮಿಷ ಗುಡುಗಿ ಮೊದಲ ಬಹುಮಾನದ ಕಪ್ ಗೆದ್ದೆ. ಮರುವರ್ಷ ಇನ್ನೊಂದು ಕಾಲೇಜಿನಲ್ಲಿ ಅದೇ ವಿಷಯ ಬಂತು. ಚೀಟಿ ಎತ್ತಿದಾಗ ನನ್ನ ಪಾಲಿಗೆ ವಿರೋಧಪಕ್ಷ ಬಿತ್ತು. ಅಲ್ಲೂ ಎರಡನೆಯ ಬಹುಮಾನ. ಎರಡು ಕಪ್‌ಗಳೂ ನಮ್ಮ ಪೆರಂಬೂರಿನ ಮನೆಯ ಷೋಕೇಸಿನಲ್ಲಿ ಅಕ್ಕಪಕ್ಕ ನಿಂತವು. ವಾರಕ್ಕೊಮ್ಮೆ ಅವುಗಳ ಧೂಳು ಒರೆಸುತ್ತಿದ್ದವರು ಅಂದು ನಮ್ಮೊಡನೆಯೇ ಇದ್ದ ರುಕ್ಕತ್ತೆ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಅವರು ಯಾವ ಕಪ್ಪನ್ನು ಹೆಚ್ಚು ಉಜ್ಜುತ್ತಿದ್ದರು ಎಂಬುದನ್ನು ನಾನು ಗಮನಿಸಲಿಲ್ಲ. ಮೊದಲ ಕಪ್ ಬಂದ ತಿಂಗಳಲ್ಲೇ ಬಂಧುಗಳ ಮನೆಯ ಮದುವೆಯೊಂದು ನಡೆಯಿತು. ಅಂದು ನಾನು ಉಗ್ರಾಣದ ಬಾಗಿಲ ಮುಂದೆಯೇ ಹಾದು, ಒಳಗಿನ ದನಿಯನ್ನು ಕೇಳಿಸಿಕೊಳ್ಳುತ್ತಲೇ, ಊಟದ ಪಂಕ್ತಿಗೆ ಹೋಗಿ ಕೂತೆ.

ಉಗ್ರಾಣದ ಮಾತು ಬಂದಾಗ ಇನ್ನೂ ಹಿಂದಕ್ಕೆ ಹೋಗಬೇಕಾಗುತ್ತದೆ. ನನಗಾಗ ಏಳು ವರ್ಷವಿದ್ದೀತು. ಮಾಂಬಲದ ಛತ್ರವೊಂದರಲ್ಲಿ ಮದುವೆ. ಹೆಣ್ಣನ್ನು ಹಸೆಮಣೆಗೆ ಕರೆಯುವ ಹೊತ್ತು. ನಮ್ಮ ವಂಶದಲ್ಲಿ ಅದಕ್ಕೊಂದು ಹಾಡಿದೆ. ಅಜ್ಜಿಯ ಅಜ್ಜಿ ಮೈಸೂರಿನ ಕಡೆಯಿಂದ ಮದರಾಸಿಗೆ ಬರುವಾಗ ತಂದದ್ದಂತೆ. ಒಂಬತ್ತು ನುಡಿ. ಕರ್ಪೂರ ತರಲು ಯಾರೋ ನನ್ನನ್ನು ಉಗ್ರಾಣಕ್ಕೆ ಅಟ್ಟಿದರು. ಹೊರಗೆ ದೊಡ್ಡಮ್ಮ ಮತ್ತು ಇತರ ಮುತ್ತೈದೆಯರು ಆರತಿ ತಟ್ಟೆ ಹಿಡಿದು ಹಾಡುತ್ತಿದ್ದುದನ್ನು ನೋಡಿಕೊಂಡೇ ಒಳಗೆ ಹೋದೆ. ಬೆಲ್ಲದ, ತೆಂಗಿನ ನಾರಿನ, ಹಸಿ ಬಾಳೆ ಎಲೆಯ ವಾಸನೆಯ ಕತ್ತಲೆ. ಹಾಡು ಆ ಕತ್ತಲೆಯಿಂದ ಬರುತ್ತಿತ್ತು. ತೆಂಗಿನಕಾಯಿ ಮೂಟೆಗಳ ನಡುವೆ, ಬಾಗಿಲ ಮರೆಯಲ್ಲಿ, ರುಕ್ಕತ್ತೆ ಕಣ್ಣುಮುಚ್ಚಿ ಹಾಡುತ್ತಿದ್ದರು. ಹೊರಗೆ ತಿರುಗಿ ನೋಡಿದೆ: ಬೆಳಕಿನಲ್ಲಿ ದೊಡ್ಡಮ್ಮನ ತುಟಿಗಳು ಮಾತ್ರ ಆಡುತ್ತಿದ್ದವು.

ಕರ್ಪೂರ ಬಿಟ್ಟು ಓಡಿ ಅಮ್ಮನ ಸೆರಗು ಹಿಡಿದು, "ಅಮ್ಮಾ, ದೊಡ್ಡಮ್ಮನ ದನಿ ಉಗ್ರಾಣದಲ್ಲಿ ಬಿದ್ದಿದೆ" ಎಂದೆ. ಅಮ್ಮ ಸುತ್ತ ನೋಡಿ ನನ್ನ ಬಾಯಿಗೊಂದು ಲಾಡು ತುರುಕಿದರು. ಸಾಮಾಜಿಕ ವ್ಯವಸ್ಥೆಯ ಬಗ್ಗೆ ನಾನು ಮಾಡಿದ ಮೊದಲ ಟೀಕೆ ಹೀಗೆ ತುಪ್ಪದಲ್ಲಿ ಮುಳುಗಿತು.

ಸಂಗತಿ ಸರಳ. ಒಂಬತ್ತೂ ನುಡಿ ಪೂರ್ತಿ ಬರುತ್ತಿದ್ದುದು ರುಕ್ಕತ್ತೆಗೆ ಮಾತ್ರ. ಆದರೆ ಹಸೆಯ ಮುಂದೆ ಅವರು ನಿಲ್ಲುವಂತಿರಲಿಲ್ಲ. ಆದ್ದರಿಂದ ದನಿ ಒಳಗಿನಿಂದ, ಮುಖಗಳು ಹೊರಗಿನಿಂದ. ಪ್ರತಿ ನುಡಿಯ ಕೊನೆಯ ಸಾಲಿಗೆ ಮಾತ್ರ ಹೊರಗಿನವರು ದನಿಗೂಡಿಸುತ್ತಿದ್ದರು. ಈ ಏರ್ಪಾಟನ್ನು ಯಾರೂ ನಿಯಮವೆಂದು ಕರೆದಿರಲಿಲ್ಲ. ಹೆಸರಿಲ್ಲದ ನಿಯಮಗಳೇ ಹೆಚ್ಚು ಕಾಲ ಬಾಳುತ್ತವೆ. ವಿಚಿತ್ರವೆಂದರೆ ಇದೇ ರುಕ್ಕತ್ತೆ ಶಾಲೆಯಲ್ಲಿ ಗಣಿತದ ಟೀಚರಾಗಿದ್ದು, ನಿವೃತ್ತಿಯವರೆಗೂ ದಿನವೂ ಮೈಕಿನ ಮುಂದೆ ನಿಂತು ನೂರಾರು ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದರು.

ಅಣ್ಣನ ಮಗಳು ಮೇಘನಾಳ ಮದುವೆ ನಿಶ್ಚಯವಾದಾಗ ನಾನು ಪ್ರಾಯಶ್ಚಿತ್ತಕ್ಕೆ ಸಿದ್ಧನಾದೆ. ನೇರವಾಗಿ ಪಲ್ಲಾವರಂಗೆ ಹೋಗಿ, ಹಸೆಯ ಪಕ್ಕದಲ್ಲಿ ನಿಂತು ಹಾಡಬೇಕೆಂದು ರುಕ್ಕತ್ತೆಯನ್ನು ಕೇಳಿದೆ. ಪೀಠಿಕೆ, ವಾದ, ಉಪಸಂಹಾರ ಎಲ್ಲವೂ ಇದ್ದವು. ಅವರು ಹುರುಳಿಕಾಯಿ ನಾರು ತೆಗೆಯುತ್ತ ಕೊನೆಯವರೆಗೂ ಕೇಳಿದರು.

"ಚೆನ್ನಾಗಿ ಮಾತಾಡ್ತೀಯ ಶ್ರೀಪತಿ. ನಾನು ನಿಲ್ಲಲ್ಲ."

"ಯಾಕತ್ತೆ? ಈಗಿನ ಕಾಲದಲ್ಲಿ ಯಾರು ಏನಂತಾರೆ?"

"ಯಾರೂ ಏನೂ ಅನ್ನಲ್ಲ. ಆಮೇಲೆ ಆ ಹುಡುಗಿಗೆ ಒಂದು ಜ್ವರ ಬಂದ್ರೆ? ಅವಳ ಗಂಡ, ಆ ಮಾಪಿಳ್ಳೆಗೆ ಕೆಲಸದಲ್ಲಿ ಏನಾದ್ರೂ ಆದ್ರೆ? ಆವಾಗ ಎಲ್ರಿಗೂ ನಾನು ನಿಂತಿದ್ದು ಜ್ಞಾಪಕ ಬರತ್ತೆ. ಯಾಕೆ, ನಂಗೇ ಬರತ್ತೆ."

ಆಗ ನನ್ನೊಳಗಿನ ಹೇಡಿ ಒಂದು ಮಧ್ಯಮಾರ್ಗವನ್ನು ಹುಡುಕಿದ. ನನಗೆ ಮನೆಯಲ್ಲೇ ಹಾಡು ಮುದ್ರಿಸುವ ಹವ್ಯಾಸವಿದೆ. ನಮ್ಮ ಬೀದಿಯ ಕಸ ವಿಂಗಡಣೆಯ ಕುರಿತು ಎರಡು ಹಾಡು ಮಾಡಿ ಹಂಚಿದ್ದೇನೆ. ಅವನ್ನು ಯಾರೂ ಕೇಳಿಲ್ಲವೆಂಬುದು ಬೀದಿಯ ತೊಟ್ಟಿಯನ್ನು ನೋಡಿದರೆ ತಿಳಿಯುತ್ತದೆ. ನಿಮ್ಮ ದನಿಯನ್ನು ಮುದ್ರಿಸಿ ಛತ್ರದಲ್ಲಿ ಹಾಕುತ್ತೇನೆ, ನೀವು ಸುಮ್ಮನೆ ಕೂತು ಕೇಳಿ ಎಂದೆ. ರುಕ್ಕತ್ತೆ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ನನ್ನ ಹೆಸರು ಹೇಳ್ಕೂಡದು. ಇನ್ನೊಂದು, ಚೆನ್ನಾಗಿ ಬರದಿದ್ರೆ ಹಾಕ್ಲೇಕೂಡದು. ನಾಲ್ಕು ಜನರ ಮುಂದೆ ಕೆಟ್ಟುಹೋದ್ರೆ ಮತ್ತೆ ಈ ಹಾಡಿನ ಸುದ್ದಿಗೇ ಬರಬೇಡ ನೀನು."

ಒಪ್ಪಿಕೊಂಡೆ. ಒಪ್ಪಿದ ಗಳಿಗೆಯಿಂದ ನನಗೆ ನೆಮ್ಮದಿಯ ಊಟವಿಲ್ಲ. ನಾನು ಹೆದರಿದ್ದು ಹಾಡು ಕೆಡುವುದಕ್ಕಲ್ಲ. ಛತ್ರದಲ್ಲಿ ಶಾಸ್ತ್ರ ಬಿಡದ ದೊಡ್ಡಮ್ಮ ಇರುತ್ತಾರೆ. ಕರೆಂಟು ಕೈಕೊಟ್ಟರೂ, ತಂತಿ ಸಡಿಲವಾದರೂ, ಅದು ತಂತಿಯ ದೋಷವಾಗಿ ಉಳಿಯುವುದಿಲ್ಲ. ಅದು ಶಕುನವಾಗುತ್ತದೆ. ನನ್ನ ತಪ್ಪಿಗೆ ರುಕ್ಕತ್ತೆಯ ಹಣೆ ಗುರಿಯಾಗುತ್ತದೆ.

ಮುದ್ರಣಕ್ಕೆ ಅವರ ಬೀರುವಿನ ಮುಂದೆ ಜಾಗ ಮಾಡಿದೆ. ಬಾಗಿಲು ತೆರೆದಿಟ್ಟರೆ ಒಳಗಿನ ಸೀರೆಗಳು ಗೋಡೆಯ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಫ್ಯಾನು ಆರಿಸಿದೆವು; ಚೆನ್ನೈಯ ಮೇ ತಿಂಗಳಲ್ಲಿ ಫ್ಯಾನು ಆರಿಸಿ ಹಾಡಿಸುವುದನ್ನು ಹಿಂಸೆಯ ವ್ಯಾಖ್ಯೆಗೆ ಸೇರಿಸಬಹುದು. ಮನೆಯ ತಲೆಯ ಮೇಲೇ ವಿಮಾನಗಳು ಇಳಿಯುವ ದಾರಿ. ಎರಡು ವಿಮಾನಗಳ ನಡುವೆ ಒಂದು ನುಡಿ, ಹೆಚ್ಚೆಂದರೆ ಎರಡು. ರುಕ್ಕತ್ತೆ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ, "ಉಗ್ರಾಣವೇ ಪರವಾಗಿಲ್ಲ ಕಣೋ, ಗಾಳಿಯಾದ್ರೂ ಬರ್ತಿತ್ತು" ಎಂದರು. ಇಬ್ಬರೂ ನಕ್ಕೆವು. ನಾನು ಸ್ವಲ್ಪ ತಡವಾಗಿ ನಕ್ಕೆ.

ಕೊನೆಯ ಸಾಲುಗಳಿಗೆ ಮನೆಮಕ್ಕಳ ಕೋರಸ್, ಹಿಂದೆ ತಂಬೂರಿಯ ಶ್ರುತಿ. ಇವನ್ನೆಲ್ಲ ಕಂಪ್ಯೂಟರಿನಲ್ಲಿ ಹದವಾಗಿ ಬೆರೆಸುವುದೇ ಮಿಕ್ಸಿಂಗ್. ಅಲ್ಲಿ ದನಿಯನ್ನು ಅಗಲಗೊಳಿಸುವ ಗುಂಡಿಯೊಂದಿದೆ. ಸ್ವಲ್ಪ ತಿರುಗಿಸಿದೆ, ಹೆಡ್‌ಫೋನಿನಲ್ಲಿ ರುಕ್ಕತ್ತೆಯ ದನಿ ಹಣೆಯ ನಡುವಿನಿಂದ ಎರಡು ಕಿವಿಗಳತ್ತ ಹರಡಿತು. ಇನ್ನಷ್ಟು ತಿರುಗಿಸಿದೆ. ದನಿ ತಲೆಯ ಸುತ್ತ, ಗೋಡೆಗಳ ಆಚೆ, ಎಲ್ಲೆಲ್ಲೂ ನಿಂತಿತು. ಜೀವಮಾನವಿಡೀ ಮೂಟೆಗಳ ನಡುವೆ ನಿಂತ ದನಿಗೆ ಇನ್ನಾದರೂ ಜಾಗ ಸಿಗಲಿ ಎಂಬ ಆವೇಶ ನನ್ನದು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟೆ. ಅನುಭವಸ್ಥರು ಹೀಗೆ ಮಾಡುವುದಿಲ್ಲ. ಸುಧಾರಕರು ಮಾಡುತ್ತಾರೆ.

ಒಂದು ಕಡೆ ಚೆಂದ ಕೇಳಿಸಿದ್ದು ಇನ್ನೊಂದು ಕಡೆ ಕೇಳಿಸಬೇಕೆಂದೇನಿಲ್ಲ ಎಂಬುದು ನನಗೆ ತಿಳಿಯದ ವಿಷಯವಲ್ಲ. ಅಂಬತ್ತೂರಿನ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಗುಣಮಟ್ಟದ ಪರೀಕ್ಷೆ. ನಮ್ಮ ಬಿಡಿಭಾಗ ಯಾರ ಯಂತ್ರಕ್ಕಾದರೂ ಕೂರಬೇಕು. ಆದ್ದರಿಂದ ಹಾಡನ್ನು ಮೇಜಿನ ಮೇಲಿನ ಎರಡು ಪೆಟ್ಟಿಗೆಗಳಲ್ಲಿ ಕೇಳಿದೆ. ತಂಬೂರಿ ಹೆಚ್ಚಾಯಿತೆಂದು ಇಳಿಸಿದೆ. ಟಿವಿಯಲ್ಲಿ ಕೇಳಿದೆ, 'ಸ' ಅಕ್ಷರಗಳೆಲ್ಲ ಸೀಟಿ ಹೊಡೆದವು, ಮೊಂಡು ಮಾಡಿದೆ. ಹೆಡ್‌ಫೋನಿಗೆ ಮರಳಿದರೆ ಮಂಕಾಗಿತ್ತು. ಒಂದನ್ನು ಸರಿಪಡಿಸಿದರೆ ಇನ್ನೊಂದು ಮುನಿಸಿಕೊಳ್ಳುವ ಈ ಸಂಸಾರದಲ್ಲಿ ಹದಿನೈದು ದಿನ ಕಳೆದವು. ಕೊನೆಗೆ ಕಾರ್ಖಾನೆಯ ವ್ಯಾನಿನಲ್ಲಿ ಹಾಕಿಸಿದೆ. ಚಾಲಕ ಮುರುಗನ್ ಸಿಗ್ನಲ್ಲಿನಲ್ಲಿ ನಿಂತಾಗ ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ಕೇಳಿದ.

"ಕುರಲ್ ಇರುಕ್ಕು ಸಾರ್. ಆಳು ಇಲ್ಲೆ."

ದನಿ ಇದೆ, ಮನುಷ್ಯರು ಇಲ್ಲ. ಬಾಗಿಲ ಸ್ಪೀಕರಿನ ತೊಂದರೆಯಿರಬೇಕೆಂದು ಅವನಿಗೆ ಉಪನ್ಯಾಸ ಕೊಟ್ಟೆ. ಅವನು "ಸರಿ ಸಾರ್" ಎಂದು ಗೇರು ಬದಲಿಸಿದ.

ಉಳಿದದ್ದು ರುಕ್ಕತ್ತೆಯ ಗುಂಡು ಸ್ಪೀಕರು. ಅದರಲ್ಲಿ ಹಾಕಿದರೆ ಅವರು ಕೇಳುತ್ತಾರೆ, ಕೇಳಿದರೆ ಬೇಡವೆನ್ನಬಹುದು. ಆ ಭಯದಿಂದ ನಾನು ಪಲ್ಲಾವರಂಗೆ ಹೋಗಲೇ ಇಲ್ಲ. ಅವರು ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ಛತ್ರದಲ್ಲೇ ಕೇಳುವಿರಂತೆ ಎಂದು ತಪ್ಪಿಸಿಕೊಂಡೆ. ಮೇಘನಾ ಮಾತ್ರ ನಿಶ್ಚಿಂತೆಯಿಂದಿದ್ದಳು. ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರಿಸುವ ಹುಡುಗಿ ಅವಳು. "ಅದೆಲ್ಲಾಂ ನೀಂಗ ಪಾತ್ತುಕ್ಕೋಂಗೋ ಚಿಕ್ಕಪ್ಪಾ. ರುಕ್ಕಜ್ಜಿ ಹಾಡು ಮಸ್ಟ್" ಎಂದು, ಅದನ್ನೆಲ್ಲ ನಾನೇ ನೋಡಿಕೊಳ್ಳಬೇಕೆಂಬ ಹೊಣೆಯನ್ನು ನನ್ನ ತಲೆಗೆ ಕಟ್ಟಿ ಮೆಹಂದಿಗೆ ಹೋದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಛತ್ರದಲ್ಲಿ ಪರೀಕ್ಷೆಗೆ ನಿಂತೆ. ಕಂಬಕ್ಕೊಂದರಂತೆ ಬೂದು ಪೆಟ್ಟಿಗೆಗಳು. ಮೈಕ್ ಸೆಟ್ಟಿನ ಕದಿರೇಶನ್ ಎಂಬ ಹಿರಿಯರು ನನ್ನ ಫೋನಿಗೆ ತಂತಿ ಸಿಕ್ಕಿಸಿದರು. ಹಾಡು ಶುರುವಾಯಿತು. ತಂಬೂರಿ ಬಂತು. ನಾಲ್ಕು ಸುತ್ತು ತಂಬೂರಿಯೇ ಬಂತು. ಮೊದಲ ನುಡಿ ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬಾವಿಗೆ ಕಿವಿಗೊಟ್ಟಂತೆ, ಎಲ್ಲೋ ಆಳದಲ್ಲಿ ಯಾರೋ ಇರಬಹುದೆಂಬ ಒಂದು ಸುಳುಹು, ಅಷ್ಟೆ. ಆಮೇಲೆ ಕೊನೆಯ ಸಾಲಿಗೆ ಮಕ್ಕಳ ಕೋರಸ್ ಠಣ್ಣೆಂದು ಮೊಳಗಿತು. ಮತ್ತೆ ಖಾಲಿ.

ಹೂವಿನ ಬುಟ್ಟಿ ಹಿಡಿದು ಬಂದ ದೊಡ್ಡಮ್ಮ ನಿಂತರು. ಈ ಹಾಡಿನ ಏರ್ಪಾಟನ್ನು ಅಣ್ಣ ಅವರಿಗೆ ಮೊದಲೇ ಹೇಳಿದ್ದ.

"ಏನೋ ಶ್ರೀಪತಿ, ಬರೀ ತಂಬೂರಿ ಹಾಕ್ಕೊಂಡು ಕೂತಿದೀಯ. ಹಾಡೆಲ್ಲಿ?"

"ಬರತ್ತೆ ದೊಡ್ಡಮ್ಮ. ಸ್ವಲ್ಪ ಇರಿ."

"ಮಕ್ಕಳದು ಬರ್ತಾ ಇದೆ. ಅವಳದು ಮಾತ್ರ ಬರ್ತಾ ಇಲ್ಲ." ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡರು. "ನಾನೇನೂ ಹೇಳಲ್ಲಪ್ಪ. ಮೆಷಿನ್ನಿಗೂ ಶಾಸ್ತ್ರ ಗೊತ್ತು ಅಂತ ಕಾಣತ್ತೆ."

ಉಗ್ರಾಣದ ಹೊಸ್ತಿಲ ಬಳಿ ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದ ರುಕ್ಕತ್ತೆ ತಲೆಯೆತ್ತಿದರು. "ಬಿಡಪ್ಪ. ಬರದಿದ್ರೆ ಬೇಡ ಅಂತ ನಾನು ಆವತ್ತೇ ಹೇಳಿದ್ನಲ್ಲ." ಅವರ ಮುಖದಲ್ಲಿ ಕೋಪವಿರಲಿಲ್ಲ, ಅವಮಾನವಿರಲಿಲ್ಲ. ಬಿಡುಗಡೆಯಿತ್ತು. ಆ ಇಡೀ ಪ್ರಸಂಗದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ.

ಹಾಡು ಇನ್ನೂ ಓಡುತ್ತಲೇ ಇತ್ತು. ಕದಿರೇಶನ್ ಎರಡನೆಯ ನುಡಿಯ ಖಾಲಿಯನ್ನೂ ಕೇಳಿ, ತಮ್ಮ ಪೆಟ್ಟಿಗೆಯ ಹಿಂದಿನಿಂದ ಒಂದು ತಂತಿಯನ್ನು ಕಿತ್ತರು.

ರುಕ್ಕತ್ತೆಯ ದನಿ ಛತ್ರದ ಎಲ್ಲ ಕಂಬಗಳಿಂದ ಒಮ್ಮೆಗೇ ಹೊರಟಿತು. ಮೂರನೆಯ ನುಡಿ. ಊಟದ ಮನೆಯಲ್ಲಿ ಬೆಂಚು ಎಳೆಯುತ್ತಿದ್ದವರು ಎಳೆಯುವುದನ್ನು ನಿಲ್ಲಿಸಿದರು.

"ರೆಂಡು ಪಕ್ಕಮುಂ ಸಂಡೆ ಪೋಡುದು ಸಾರ್. ಒರು ಪಕ್ಕಂ ಪೋದುಂ," ಎಂದರು ಕದಿರೇಶನ್. ಎರಡು ಕಡೆಯೂ ಜಗಳವಾಡುತ್ತಿವೆ, ಒಂದು ಕಡೆ ಸಾಕು.

ಅವರು ಹೇಳಿದ್ದರ ಒಳಗುಟ್ಟನ್ನು ಆಮೇಲೆ ಓದಿ ತಿಳಿದೆ. ದನಿಯೆಂದರೆ ಗಾಳಿಯ ಏರಿಳಿತ. ರುಕ್ಕತ್ತೆಯ ದನಿಗೆ ಮಾತ್ರ ನಾನು ಕೊನೆಯವರೆಗೆ ತಿರುಗಿಸಿದ ಗುಂಡಿ ಎಡಗಿವಿಗೆ ಏರು ಕೊಡುವ ಕ್ಷಣದಲ್ಲೇ ಬಲಗಿವಿಗೆ ಇಳಿವು ಕೊಡುತ್ತದೆ. ಎರಡು ಕಿವಿಗಳಿಗೆ ಬೇರೆ ಬೇರೆಯಾಗಿ ತಲುಪುವವರೆಗೆ ಅದು ವೈಭವ. ಛತ್ರದ ಪೆಟ್ಟಿಗೆಗಳಲ್ಲಿ ಎಡಬಲವಿಲ್ಲ. ಎರಡೂ ಒಂದೇ ತಂತಿಯಲ್ಲಿ ಕೂಡುತ್ತವೆ. ಕೂಡಿದೊಡನೆ ಏರು ಇಳಿವನ್ನು ನುಂಗಿ ಸೊನ್ನೆ ಉಳಿಯುತ್ತದೆ. ಪರವಾಗಿಯೂ ವಿರೋಧವಾಗಿಯೂ ಅಷ್ಟೇ ಸಮರ್ಥವಾಗಿ ವಾದಿಸಿ ಎರಡು ಕಪ್ ಗೆದ್ದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರುಕ್ಕತ್ತೆ ವೀಳ್ಯದೆಲೆಯನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದರು.

"ಅದು ನಾನಾ?"

"ಹೌದತ್ತೆ."

"ಮೂರನೇ ನುಡಿ ಓಡಿಸಿಬಿಟ್ಟಿದೀನಿ ನೋಡು. ವಿಮಾನ ಬಂದುಬಿಡತ್ತೆ ಅಂತ ಭಯ." ಎಲೆಯ ತೊಟ್ಟು ಮುರಿದು ಪಕ್ಕಕ್ಕಿಟ್ಟರು. "ಪರವಾಗಿಲ್ಲ. ಹಾಕು."

ದೊಡ್ಡಮ್ಮ ಸೌಂಡು ಸ್ವಲ್ಪ ಕಮ್ಮಿ ಮಾಡೆಂದು ಹೇಳಿ ಹೋದರು. ನಾನು ಅಲ್ಲೇ ಒಂದು ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದು, ಅಗಲದ ಗುಂಡಿಯನ್ನು ಸೊನ್ನೆಗೆ ತಂದು, ದನಿಯನ್ನು ನಡುವಿನಲ್ಲಿ ಒಂಟಿಯಾಗಿ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಹಸೆಗೆ ಕರೆಯುವ ಹೊತ್ತು ಬಂದಾಗ ನಾನು ಶಕುನಗಳನ್ನು ಕಾಯುತ್ತಿದ್ದೆ. ದೀಪ ಸ್ವಲ್ಪ ಓಲಾಡಿದರೂ ದೊಡ್ಡಮ್ಮನ ಮುಖ ನೋಡುತ್ತಿದ್ದೆ. ವರನ ಕಡೆಯ ಯಾರೋ ಸೀನಿದರು. ನನ್ನ ಬದುಕು ಮುಗಿಯಿತೆಂದುಕೊಂಡೆ. ಶಕುನವನ್ನು ನಂಬದವನು ಅಷ್ಟು ಶ್ರದ್ಧೆಯಿಂದ ಶಕುನ ನೋಡಿದ್ದು ಬಹುಶಃ ಅದೇ ಮೊದಲು. ಕದಿರೇಶನ್ ಗುಂಡಿ ಒತ್ತಿದರು. ದನಿ ಬಂತು, ಸ್ಪಷ್ಟವಾಗಿ, ಸ್ವಲ್ಪ ಒರಟಾಗಿ, ಒಂಬತ್ತೂ ನುಡಿ. ಮೇಘನಾ ನಡೆದು ಬಂದಳು. ಏನೂ ಕೆಡಲಿಲ್ಲ.

ಆದರೆ ನಮ್ಮ ಕಡೆಯ ಪ್ರತಿಯೊಬ್ಬರ ತಲೆಯೂ, ಕಂಬಗಳ ಮೇಲಿನ ಸ್ಪೀಕರುಗಳನ್ನು ಬಿಟ್ಟು, ಉಗ್ರಾಣದ ಬಾಗಿಲಿನತ್ತ ತಿರುಗಿತು. ಮೂರನೆಯ ಸಾಲಿನಲ್ಲಿ ಎಲ್ಲರೊಡನೆ ಕೂತಿದ್ದ ರುಕ್ಕತ್ತೆಯ ತಲೆಯೂ ಅತ್ತಲೇ ತಿರುಗಿತು.

ಧಾರೆ ಮುಗಿದ ಮೇಲೆ ವರನ ಅಜ್ಜಿ ನನ್ನನ್ನು ಕರೆದರು. ದೊಡ್ಡಮ್ಮ ಅವರ ಪಕ್ಕದಲ್ಲೇ ಇದ್ದರು. ಹಿಂದಿನ ಸಾಲಿನಲ್ಲಿ, ಕೈಗೆಟುಕುವಷ್ಟು ದೂರದಲ್ಲಿ, ರುಕ್ಕತ್ತೆ.

"ಹಾಡಿದ್ದು ಯಾರಪ್ಪಾ? ನನ್ನ ತಾಯಿ ಹೀಗೇ ಹಾಡ್ತಿದ್ರು."

"ನಮ್ಮ ಮನೆಯವರೇ."

"ಮನೆಯವರು ಅಂದ್ರೆ?"

ಹೆಸರು ಹೇಳಬಾರದೆಂದು ಮಾತು ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚಾಗಿ, ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು. "ದೊಡ್ಡವರು ಒಬ್ಬರು" ಎಂದೆ.

ಅಜ್ಜಿ ದೊಡ್ಡಮ್ಮನ ಕಡೆ ತಿರುಗಿದರು. "ನೀವಾ?" ದೊಡ್ಡಮ್ಮನ ತುಟಿ ತೆರೆಯಿತು, ಮುಚ್ಚಿತು. ದನಿ ಬರಲಿಲ್ಲ. ಅಜ್ಜಿ ಅದನ್ನು ಸಂಕೋಚವೆಂದು ತಿಳಿದು, ಮೆಚ್ಚಿಗೆಯಿಂದ ಅವರ ಕೈ ಹಿಡಿದುಕೊಂಡರು. ನಾನು ಅಲ್ಲಿಂದ ಊಟದ ಮನೆಗೆ ಹೋದೆ. ದಾರಿ ನನಗೆ ಚೆನ್ನಾಗಿ ಪರಿಚಯವಿತ್ತು.

ಸಂಜೆ ರುಕ್ಕತ್ತೆಯನ್ನು ಆಟೋದಲ್ಲಿ ಪಲ್ಲಾವರಂಗೆ ಬಿಡಲು ಹೋದೆ. ಅವರು ಒಳಗೆ ಹೋಗಿ ಈ ಗುಂಡು ಸ್ಪೀಕರನ್ನು ತಂದು ನನ್ನ ಕೈಯಲ್ಲಿಟ್ಟರು.

"ಮುಂದಿನ ಸಲ ಮೊದಲು ಇದರಲ್ಲಿ ಹಾಕಿ ಕೇಳು. ಆಮೇಲೆ ಎಲ್ಲಿ ಬೇಕಾದ್ರೂ ಹಾಕು."

"ಆಗಲಿ ಅತ್ತೆ. ನೀವು ಹೇಳಿದ ಹಾಗೆ ಹೆಸರು ಹೇಳಲಿಲ್ಲ."

"ಹೆಸರು ಹೇಳ್ಬೇಡ ಅಂದಿದ್ದೆ, ನಿಜ." ಅವರು ಚಪ್ಪಲಿಯನ್ನು ಗೋಡೆಯ ಬದಿಗೆ ಸರಿಸಿದರು. "ಕೈ ತೋರಿಸ್ಬೇಡ ಅಂದಿರ್ಲಿಲ್ವಲ್ಲೋ, ಶ್ರೀಪತಿ."

ಎಲ್ಲ ಸ್ಪೀಕರುಗಳಿಗೂ ಹೊಂದುವಂತೆ ನಾನು ಹದಗೊಳಿಸಿದ ಆ ದನಿಗೆ ಮುಖವನ್ನು ಕೊಡಬಹುದಾಗಿದ್ದುದು ನನ್ನ ಬಲಗೈಯ ತೋರುಬೆರಳು ಮಾತ್ರ, ಮತ್ತು ಅದು ಆ ಹೊತ್ತಿನಲ್ಲಿ ಜೇಬಿನಲ್ಲಿತ್ತು.

ಈಗ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇದ್ದರೆ, ಒಂದು ವಿನಂತಿ. ನಿಮ್ಮ ಮನೆಯ ಮುಂದಿನ ಶುಭಕಾರ್ಯದಲ್ಲಿ ಆ ದನಿಯವರನ್ನು ಮೊದಲ ಸಾಲಿನಲ್ಲಿ ಕೂರಿಸಿ. ಹಾಡಿದ್ದು ಯಾರೆಂದು ಯಾರಾದರೂ ಕೇಳಿದರೆ, ದಯವಿಟ್ಟು ಕೈಯೆತ್ತಿ ಅವರನ್ನು ತೋರಿಸಿ.